ನನ್ನ ಕಾಲ್ಗುಣ ನಂಬಿದಾಕೆ

ಮಂಗಳೂರಾಕಿ ಸತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದರೆ ನಾನು ಅವಳ ಸುದ್ದಿ ತೆಗೆದರೆ ಸಾಕು, ಕೇಳಿದವರು ಮುಖ ಸಪ್ಪಗೆ ಮಾಡಿ 'ಯಾವಾಗ ಹೋದರು, ಪಾಪ' ಅನ್ನುತ್ತಾರೆ. ಹೋದದ್ದು ನಿಜ, ಮಾರ್ಗನ್ ಹಿಲ್ಲಿಗೆ. ನಮ್ಮ ಹೇವರ್ಡಿನಿಂದ ಫ್ರೀವೇ ಹಿಡಿದರೆ ಒಂದು ತಾಸು, ಆಫೀಸು ಬಿಡುವ ಹೊತ್ತಾದರೆ ಅದರ ಎರಡರಷ್ಟು. ನನಗೆ ಕಾರು ನಡೆಸಲು ಬರುವುದಿಲ್ಲ. ಹಾಗಾಗಿ ನನ್ನ ಪಾಲಿಗೆ ಮಾರ್ಗನ್ ಹಿಲ್ಲೂ ಅಷ್ಟೇ ದೂರ, ಸ್ವರ್ಗವೂ ಅಷ್ಟೇ ದೂರ.

ಅವಳಿಗೂ ಅಪ್ಪ ಅಮ್ಮ ಇಟ್ಟ ಹೆಸರಿದೆ, ನಾನು ಎಂದೂ ಕರೆಯಲಿಲ್ಲ. ನಾನು ಮಂಗಳೂರಾಕಿ ಅಂದೆ, ಅವಳು ನನ್ನನ್ನು ಗದಗಮ್ಮ ಅಂದಳು. ಹಂಗೇ ನಡೆದುಹೋಯಿತು.

ಅವಳ ವಿಷಯ ಹೇಳಬೇಕಾದರೆ ನನ್ನ ಕಾಲಿನ ವಿಷಯ ಹೇಳಬೇಕು. ನಾನು ಮದುವೆಯಾಗಿ ಗಂಡನ ಮನೆಗೆ ಹೋದ ಮೊದಲ ಬೇಸಿಗೆಯಲ್ಲೇ ಅವರ ಎಮ್ಮೆ ಸತ್ತಿತು. ಎಮ್ಮೆಗೆ ವಯಸ್ಸಾಗಿತ್ತು, ಅದು ಅತ್ತೆಗೂ ಗೊತ್ತಿತ್ತು. ಆದರೂ 'ಸೊಸಿ ಕಾಲ್ಗುಣ' ಅಂದರು. ಮುಂದೆ ಬಾವಿ ಬತ್ತಿದಾಗ, ಮಾವನಿಗೆ ಲಕ್ವ ಹೊಡೆದಾಗ, ನಾದಿನಿಯ ನಿಶ್ಚಯ ಮುರಿದಾಗ, ಎಲ್ಲದಕ್ಕೂ ಇದೇ ಕಾಲು. ಗಂಡ ಹೋದ ಮೇಲಂತೂ ಕೇಳುವುದೇ ಬೇಡ. ಹೇಳಿದವರೆಲ್ಲ ಸತ್ತರು, ಮಾತು ಮಾತ್ರ ಸಾಯಲಿಲ್ಲ. ನನ್ನ ಜೊತೆಗೇ ವಿಮಾನ ಹತ್ತಿ ಮಗಳ ಮನೆಗೆ ಬಂತು. ಇಲ್ಲಿ ಯಾರದಾದರೂ ಮನೆಯಲ್ಲಿ ಒಳ್ಳೆ ಕಾರ್ಯವಿದ್ದರೆ ನಾನಾಗಿಯೇ ಹಿಂದೆ ನಿಲ್ಲುತ್ತೇನೆ, ಚಪ್ಪಲಿ ಬಿಡುವ ಕಡೆ. ಬೇರೆಯವರು ಹೇಳುವ ತನಕ ಕಾಯಬಾರದು. ಅದಕ್ಕಾಗಿ ಅಳುತ್ತ ಕೂಡುವವಳೂ ನಾನಲ್ಲ. ಮಳೆ ಬಂದರೆ ಕೊಡೆ ಹಿಡಿಯುತ್ತೇವೆ, ಹಾಗೆ.

ಮಂಗಳೂರಾಕಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯವಳು. ಕರಿಬೇವಿನ ಗಿಡ ಇಟ್ಟಿದ್ದಾಳೆ ಅಂತ ಮಗಳು ಹೇಳಿದಳು. ಒಂದು ಮಧ್ಯಾಹ್ನ ಒಗ್ಗರಣೆಗೆ ಎಣ್ಣೆ ಇಟ್ಟು ನೋಡಿದರೆ ಕರಿಬೇವಿಲ್ಲ. ಒಲೆ ಆರಿಸಿ ಇಳಿದು ಹೋದೆ. ಬಾಗಿಲು ತೆರೆದೇ ಇತ್ತು. ಒಳಗೆ ಟಿವಿ ಹೊಡೆದುಕೊಳ್ಳುತ್ತಿತ್ತು. ನಾನು ಒಂದು ಕಾಲು ಹೊಸ್ತಿಲು ದಾಟಿಸಿದೆ ನೋಡಿ, ಟಿವಿಯಲ್ಲಿ ಯಾವನೋ ಬಾರಿಸಿದ ಚೆಂಡು ಹೋಗಿ ಜನರ ನಡುವೆ ಬಿತ್ತು. ಒಳಗೊಬ್ಬಳು ಕಿರುಚಿದಳು.

"ಅಲ್ಲಾಡ್ಬೇಡ! ಅಲ್ಲೇ ನಿಲ್ಲು!"

ಹಾವು ಇದೆಯೇನೋ ಅಂದುಕೊಂಡು ನಿಂತೆ. ಹಸಿರು ಟೋಪಿ ಹಾಕಿದ ಹೆಂಗಸು ಕುರ್ಚಿಯಿಂದ ಎದ್ದು ಬಂದಳು. ಟೋಪಿಯ ಹಿಂದಿನ ಕಿಂಡಿಯಿಂದ ಅವಳ ತುರುಬು ಹೊರಗೆ ಬಂದಿತ್ತು. ಹಣೆಗೆ ಹಸಿರು ಬೊಟ್ಟು.

"ಯಾರು ನೀವು?"

"ಮ್ಯಾಲಿನ ಮನಿಯಾಕಿ. ಕರಿಬೇವು ಬೇಕಿತ್ರಿ."

"ಕರಿಬೇವು ಗಿಡಸಮೇತ ಕೊಡ್ತೇನೆ. ಈ ಇನ್ನಿಂಗ್ ಮುಗಿಯುವವರೆಗೆ ನೀವು ಆ ಕಾಲು ತೆಗೀಬಾರದು."

ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಹೊಸ್ತಿಲಲ್ಲಿ ಹಾಗೆ ನಿಲ್ಲಬಾರದು ಅಂತ ನಮ್ಮ ಕಡೆ ಹೇಳುತ್ತಾರೆ. ಹೇಳಿದೆ. "ಅದು ಮನುಷ್ಯರಿಗೆ," ಅಂದಳು, "ಬೇಸ್‌ಬಾಲಿಗಲ್ಲ." ಆ ದಿನ ಅವಳ ತಂಡ ಗೆದ್ದಿತು. ಗೆಲ್ಲದೆ ಬಹಳ ದಿನ ಆಗಿತ್ತಂತೆ. ನನ್ನ ಕಾಲಿನ ಕಡೆ ನೋಡಿ ಅವಳು, "ಎಂತ ಕಾಲ್ಗುಣ ಮಾರಾಯ್ತಿ ನಿನ್ನದು!" ಅಂದಳು.

ನಾನು ಕರಿಬೇವು ತೆಗೆದುಕೊಂಡು ಸುಮ್ಮನೆ ಮೇಲೆ ಬಂದೆ. ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡೆ. ಮರುದಿನ ಮತ್ತೆ ಬಂದು ಬಾಗಿಲು ಬಡಿದಳು. "ಗದಗಮ್ಮ, ಬಾ. ಮ್ಯಾಚ್ ಉಂಟು."

ಬೇಸ್‌ಬಾಲ್ ಅಂದರೆ ಏನು ಅಂತ ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ. ಒಬ್ಬ ಎಸೆಯುತ್ತಾನೆ, ಒಬ್ಬ ಬಾರಿಸುತ್ತಾನೆ, ಉಳಿದವರು ಉಗುಳುತ್ತಾರೆ. ಬಾರಿಸಿದವನು ಸುತ್ತು ಹಾಕಿ ಎಲ್ಲಿಂದ ಹೊರಟನೋ ಅಲ್ಲಿಗೇ ಬಂದು ಸೇರಿದರೆ ಜನ ಕುಣಿಯುತ್ತಾರೆ. ಅಷ್ಟಕ್ಕೆ ಯಾಕೆ ಹೊರಡಬೇಕಿತ್ತು ಅಂತ ಕೇಳಿದೆ. ಅವಳು ನಗಲಿಲ್ಲ. "ಮನೆಗೆ ಬಂದು ಮುಟ್ಟುದು ಸುಲಭ ಅಂತ ತಿಳ್ಕೊಂಡಿದ್ದೀಯಾ?" ಅಂದಳು.

ಅವಳು ಈ ದೇಶಕ್ಕೆ ಬಂದ ಹೊಸತರಲ್ಲಿ ಇಲ್ಲೇ ಒಂದು ಗೋದಾಮಿನಲ್ಲಿ ವಿಮಾನದ ಊಟದ ಡಬ್ಬಿ ಕಟ್ಟುತ್ತಿದ್ದಳು. ಪಕ್ಕದಲ್ಲಿ ಕೆಲಸ ಮಾಡುವ ಹೆಂಗಸು ರೇಡಿಯೋ ಇಟ್ಟುಕೊಂಡಿರುತ್ತಿದ್ದಳಂತೆ, ಯಾವಾಗಲೂ ಇದೇ ತಂಡದ ಆಟ. ಮಂಗಳೂರಾಕಿ ಇಂಗ್ಲಿಷ್ ಕಲಿತದ್ದು ಆ ರೇಡಿಯೋದಿಂದ. ಅದಕ್ಕೇ ಅವಳ ಇಂಗ್ಲಿಷಿನಲ್ಲಿ ಆಟ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಒಮ್ಮೆ ಎದೆ ನೋವು ಅಂತ ಡಾಕ್ಟರ ಹತ್ತಿರ ಹೋದೆವು. ಹೇಗಿದ್ದೀರಿ ಅಂತ ಅವನು ಕೇಳಿದ. "ಟೂ ಔಟ್ಸ್, ಡಾಕ್ಟರ್," ಅಂದಳು. ಮೂವರು ಔಟಾದರೆ ಸರದಿ ಮುಗಿಯುತ್ತದೆ, ಅಂದರೆ ಇನ್ನೊಂದೇ ಉಳಿದಿದೆ ಅಂತ. ಡಾಕ್ಟರು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ. ಅದು ಬರೀ ಗ್ಯಾಸು, ಹಲಸಿನ ಹಪ್ಪಳದ್ದು.

ಅವಳ ತಂಡ ಬಡ ತಂಡ. ಅದರ ಮೈದಾನ ರೈಲಿನಲ್ಲಿ ಹೋದರೆ ನಮಗೆ ಹತ್ತಿರ. ಮಾಲೀಕ ಕೈ ಬಿಚ್ಚದವನು ಅಂತ ಅವಳ ದೂರು. ಯಾವ ಹುಡುಗ ಚೆನ್ನಾಗಿ ಆಡಲು ಕಲಿತನೋ ಅವನನ್ನು ಮಾರುತ್ತಿದ್ದ. ಕರು ದೊಡ್ಡದಾದ ಕೂಡಲೇ ಸಂತೆಗೆ ಹೊಡೆದುಕೊಂಡು ಹೋದ ಹಾಗೆ. ಒಬ್ಬೊಬ್ಬ ಹುಡುಗ ಹೋದಾಗಲೂ ಅವಳು ಒಂದು ಹೊತ್ತು ಉಣ್ಣುತ್ತಿರಲಿಲ್ಲ. ಆಮೇಲೆ ಹೊಸ ಹುಡುಗನ ಹೆಸರು ಬಾಯಿಪಾಠ ಮಾಡುತ್ತಿದ್ದಳು. "ಇದು ಪಾಪದ್ದು, ಕಾಲು ಸಣ್ಣ, ಆದ್ರೂ ಓಡ್ತದೆ," ಅನ್ನುತ್ತಿದ್ದಳು, ಅಕ್ಕನ ಮಗನ ಬಗ್ಗೆ ಹೇಳುವ ಹಾಗೆ.

ಅವಳ ಮಗ ಸೇತುವೆ ದಾಟಿದರೆ ಸಿಗುವ ಇನ್ನೊಂದು ಊರಿನ ದೊಡ್ಡ ತಂಡದ ಕಡೆಯವನು. ವಾರಕ್ಕೊಮ್ಮೆ ಬಂದು ತಾಯಿಯನ್ನು ಕೆಣಕುತ್ತಿದ್ದ. "ಅಮ್ಮಾ, ಗೆಲ್ಲೋ ಟೀಮು ನೋಡು, ಬಿಪಿ ಕಡಿಮೆ ಆಗತ್ತೆ."

"ಗೆಲ್ಲುವವರನ್ನು ನೋಡ್ಲಿಕ್ಕೆ ನಾನು ಯಾಕೆ? ಅವರಿಗೆ ಜನ ಉಂಟು."

ಈ ಮಾತನ್ನು ನಾನು ಆಗ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಬೆಳ್ಳುಳ್ಳಿಯದೂ ಒಂದು ಕಥೆ. ಒಂದು ಸಲ ನಾನು ಅಲ್ಲಿ ಕೂತು ಸುಲಿಯುವಾಗ ತಂಡ ಗೆದ್ದಿತು. ಅಲ್ಲಿಂದ ಮುಂದೆ ಮ್ಯಾಚ್ ಇದ್ದಾಗೆಲ್ಲ ನನ್ನ ಮುಂದೆ ಬೆಳ್ಳುಳ್ಳಿಯ ಬುಟ್ಟಿ. ಆ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಚೀನಿಯರು, ಪಂಜಾಬಿಯರು, ಮೆಕ್ಸಿಕೋದವರು ಎಲ್ಲರೂ ಬೆಳ್ಳುಳ್ಳಿ ಉಪ್ಪಿನಕಾಯಿ ತಿಂದರು. ಮೆಕ್ಸಿಕೋದವರು ಇನ್ನೂ ಕೇಳುತ್ತಾರೆ.

ನಾನು ಹೋದ ದಿನವೆಲ್ಲ ತಂಡ ಗೆದ್ದಿತೇ? ಎಲ್ಲಿಂದ! ಸೋತದ್ದೇ ಹೆಚ್ಚು. ನನ್ನ ಮೊಮ್ಮಗಳು ಒಮ್ಮೆ ನೋಡಲು ಬಂದು ಹೇಳಿಯೂಬಿಟ್ಟಳು, "ಅಜ್ಜಿ, ದೇ ಆರ್ ಜಸ್ಟ್ ಬ್ಯಾಡ್." ಆದರೆ ಸೋತಾಗ ಮಂಗಳೂರಾಕಿ ಏನು ಹೇಳುತ್ತಿದ್ದಳು ಅಂತ ಕೇಳಿ. ನೀನು ಎಡಗಾಲಿಟ್ಟು ಬಂದಿ ಅಂತಿರಲಿಲ್ಲ. ಎಸೆಯುವವನ ತೋಳು ಸರಿಯಿಲ್ಲ ಅನ್ನುತ್ತಿದ್ದಳು. ಕಣ್ಣಿಗೆ ಬಿಸಿಲು ಬಿತ್ತು, ಅಂಪೈರು ಕುರುಡ, ನಾನೇ ಇವತ್ತು ಹಸಿರು ಬೊಟ್ಟು ಮರೆತೆ, ಮಗ ಫೋನ್ ಮಾಡಿ ಹಾಳು ಮಾಡಿದ, ಹೀಗೆ. ಒಂದು ದಿನ ಮೀನಿನವನ ಮೇಲೂ ಹೊರಿಸಿದಳು, ಬಂಗುಡೆ ತಾಜಾ ಇರಲಿಲ್ಲ ಅಂತ.

"ಹುಚ್ಚಿ, ನಾ ಕುಂತಾಗ ಸೋತಾರಲ್ಲ. ನನ್ನ ಕಾಲಿಂದ ಯಾಕನಬಾರದು?" ಅಂತ ನಾನೇ ಕೇಳಿದೆ.

"ನಿನ್ನ ಕಾಲು ಸರಿ ಉಂಟು. ಆಡುವವರ ಕೈ ಸರಿ ಇಲ್ಲ. ಬೆಳ್ಳುಳ್ಳಿ ಸುಲಿ."

ಒಂದು ಮನೆ ಜೀವಮಾನವೆಲ್ಲ ತನ್ನ ಕೆಡುಕನ್ನು ನನ್ನ ಕಾಲಿಗೆ ಕಟ್ಟಿತು. ಈಕೆ ಅಷ್ಟು ಸೋಲಿನಲ್ಲಿ ಒಂದನ್ನೂ ಕಟ್ಟಲಿಲ್ಲ. ಕಾಲ್ಗುಣ ಅನ್ನುವುದು ಸುಳ್ಳು ಅಂತ ನನಗೆ ಗೊತ್ತು, ಎಮ್ಮೆ ಸತ್ತ ದಿನದಿಂದ ಗೊತ್ತು. ಆದರೂ ಮ್ಯಾಚಿನ ಹೊತ್ತಾಯಿತೆಂದರೆ ನಾನು ಸೀರೆ ಬದಲಿಸಿ ಬಾಗಿಲ ಕಡೆ ಕಿವಿಯಿಟ್ಟು ಕೂಡುತ್ತಿದ್ದೆ. ಅವಳು ಕರೆಯುವುದು ಸ್ವಲ್ಪ ತಡವಾದರೆ ಎದ್ದು ಹೋಗಿ ಬಾಗಿಲ ಚಿಲಕ ಮುಟ್ಟಿ ಬರುತ್ತಿದ್ದೆ. ಮಗಳು ನೋಡಿ ನಗುತ್ತಿದ್ದಳು. "ಅವ್ವಾ, ನೀನೇ ಹೋಗು. ಕರೀಲೇಬೇಕಾ?" ಕರೆಯಲೇಬೇಕು. ಅವಳಿಗದು ತಿಳಿಯುವುದಿಲ್ಲ.

ಆಮೇಲೆ ಸುದ್ದಿ ಬಂತು, ಮಾಲೀಕ ತಂಡವನ್ನು ಕಿತ್ತುಕೊಂಡು ಬೇರೆ ಊರಿಗೆ ಹೋಗುತ್ತಾನೆ ಅಂತ. ಮನೆ ಬದಲಿಸಿದ ಹಾಗೆ ತಂಡವನ್ನೂ ಬದಲಿಸಬಹುದು ಅನ್ನುವುದು ನನಗೆ ಗೊತ್ತಿರಲಿಲ್ಲ. ಮಂಗಳೂರಾಕಿ ಮೊದಲು ನಂಬಲಿಲ್ಲ. ಆಮೇಲೆ ತನ್ನ ಊರಿನ ನಾಗಬನಕ್ಕೆ ಎಳನೀರಿನ ಹರಕೆ ಹೊತ್ತಳು. ತಂಡ ಉಳಿಯಲಿಲ್ಲ. ನಾಗಪ್ಪನಿಗೆ ಬೇಸ್‌ಬಾಲ್ ಅರ್ಥವಾಗಿರಲಿಕ್ಕಿಲ್ಲ.

"ಕಡೇ ಮ್ಯಾಚಿಗೆ ಸ್ಟೇಡಿಯಮ್ಮಿಗೆ ಹೋಗುವ," ಅಂದಳು ನನಗೆ. "ನೀನು ಬರ್ಬೇಕು. ಟಿವಿಯಲ್ಲಿ ಆದ್ರೆ ನಿನ್ನ ಕಾಲು ಅರ್ಧ ದಾರಿಗೆ ನಿಲ್ತದೆ. ಅಲ್ಲಿ ಮಣ್ಣಿಗೇ ಇಟ್ರೆ ಬೇರೆ. ಹೋಗುವಾಗಾದ್ರೂ ಗೆದ್ದು ಹೋಗ್ಲಿ."

ಇಳಕಲ್ ಸೀರೆಯ ಕೆಳಗೆ ಮೊಮ್ಮಗಳ ಬೂಟು, ಮೇಲೆ ಮಗಳ ಸ್ವೆಟರು, ತಲೆಗೆ ಅವಳು ಕೊಟ್ಟ ಹಸಿರು ಟೋಪಿ. ಕೈಯಲ್ಲಿ ಹುರಿದ ಶೇಂಗಾದ ಚೀಲ. ಒಳಗೆ ಬಿಡುವವನು ಚೀಲ ಬಿಚ್ಚಿ ನೋಡಿ ಒಂದು ಹಿಡಿ ತಾನೇ ತೆಗೆದುಕೊಂಡ. ಮೆಟ್ಟಿಲ ಬಾಯಲ್ಲಿ ಮಂಗಳೂರಾಕಿ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. "ಬಲಗಾಲು, ಬಲಗಾಲು!" ಹಿಂದಿನವರೆಲ್ಲ ನಿಂತರು. ಒಬ್ಬ, ಅಜ್ಜಿಗೆ ಸುಸ್ತಾಯಿತೇನೋ ಅಂತ ನೀರು ಕೊಡಲು ಬಂದ. ಅವಳು ಅವನಿಗೆ ಇಂಗ್ಲಿಷಿನಲ್ಲಿ ಏನೋ ಬಿಡಿಸಿ ಹೇಳಿದಳು. ಅವನು ತನ್ನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ನನ್ನ ಕಾಲನ್ನೇ ನೋಡುತ್ತ ನಿಂತ. ಅವನ ಹಿಂದಿನವರೂ ನೋಡಿದರು. ನನ್ನ ಕಾಲು ನೆಲ ಮುಟ್ಟಿದಾಗ ಅವರು ಚಪ್ಪಾಳೆ ಹೊಡೆದರು. ನನ್ನ ಮದುವೆಯಲ್ಲೂ ಯಾರೂ ಅಷ್ಟು ನೋಡಿರಲಿಲ್ಲ.

ಗಾಳಿ ಥಂಡಿ ಇತ್ತು. ಎಲ್ಲೋ ಡೋಲು ಬಡಿಯುತ್ತಿದ್ದರು. ಎಲ್ಲರ ಮೈಮೇಲೂ ಹಸಿರು, ಎಲ್ಲರೂ ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬಂದ ಸುದ್ದಿಯನ್ನೇ ಹೇಳುವವರು. ಕಡೆಯ ಸರದಿಯ ಹೊತ್ತಿಗೆ ಕಡಲ ಹಕ್ಕಿಗಳು ಬಂದು ಮೇಲೆ ಸುತ್ತಿದವು, ಬಿದ್ದ ತಿನಿಸಿಗೆ. ಒಂದೇ ಒಂದು ಓಟ ಬೇಕಿತ್ತು. ಸಣ್ಣ ಕಾಲಿನ ಹುಡುಗ ಮುಕ್ಕಾಲು ದಾರಿ ಬಂದು ನಿಂತಿದ್ದ. ಬಾರಿಸುವವನು ಚೆಂಡನ್ನು ಎತ್ತರಕ್ಕೆ ಹೊಡೆದ. ಎಲ್ಲರೂ ಎದ್ದರು. ಮಂಗಳೂರಾಕಿ ನನ್ನ ಕೈ ಹಿಡಿದಳು. ಚೆಂಡು ಬಹಳ ಹೊತ್ತು ಮೇಲೇ ಇತ್ತು. ಆಮೇಲೆ ಎದುರಾಳಿಯವನೊಬ್ಬ ಓಡಿ ಬಂದು ಹಿಡಿದುಬಿಟ್ಟ, ಮೂರನೇ ಔಟು.

ಯಾರೂ ಮನೆಗೆ ಹೋಗಲಿಲ್ಲ. ಹಾಗೇ ಕೂತರು. ನನ್ನ ಮುಂದೆ ಗಡ್ಡ ಬಿಟ್ಟ ಧಡೂತಿ ಮನುಷ್ಯ ಹೆಗಲು ಕುಣಿಸಿ ಅಳುತ್ತಿದ್ದ. ಅಳುವ ಗಂಡಸಿಗೆ ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲ. ಶೇಂಗಾ ಕೊಟ್ಟೆ. ತಿಂದ.

ರೈಲಿನಲ್ಲಿ ಮಂಗಳೂರಾಕಿ ಒಂದು ಮಾತೂ ಆಡಲಿಲ್ಲ. ಎಸೆಯುವವನನ್ನು ಬೈಯಲಿಲ್ಲ, ಅಂಪೈರನ್ನು ಬೈಯಲಿಲ್ಲ, ಮಗನನ್ನೂ ಬೈಯಲಿಲ್ಲ. ಬೈಯಲಿ ಅಂತ ನಾನು ಕಾದೆ. ಯಾರನ್ನೂ ಬೈಯದಿದ್ದರೆ ಉಳಿಯುವುದು ಯಾರು? ಅವಳ ಮನೆಯ ಬಾಗಿಲಿಗೆ ಬಂದಾಗ ತಡೆಯಲಾರದೆ ಅಂದೆ, "ನೋಡಿದಿಯಲ್ಲ, ನನ್ನ ಕಾಲ್ಗುಣ."

ಅವಳು ಬೀಗ ತೆಗೆದು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು.

ಕಡೆಗೆ ಈಕೆಯೂ, ಅಂದುಕೊಂಡೆ.

ಆಮೇಲೆ ಆಟವಿಲ್ಲ, ಕರೆಯಲು ಕಾರಣವೂ ಇಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ಚಳಿಯ ಮಾತು, ಮೊಣಕಾಲಿನ ಮಾತು. 'ಬೇರೆ ಊರಿಗೆ ಹೋದವರನ್ನು ನಾನು ಇನ್ನು ನೋಡುದಿಲ್ಲ' ಅಂತ ಒಮ್ಮೆ ಅಂದಳು. ಆಟವಿಲ್ಲದೆ ನಾವಿಬ್ಬರು ಎಂದೂ ಕೂತವರಲ್ಲ, ಹೇಗೆ ಕೂಡಬೇಕು ಅಂತಲೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಬೇಕಾದರೆ ಮಗಳು ಸುಲಿದದ್ದನ್ನೇ ಅಂಗಡಿಯಿಂದ ತರುತ್ತಿದ್ದಳು. ನಾನು ಬೇಡ ಅನ್ನಲಿಲ್ಲ. ಅಷ್ಟರಲ್ಲಿ ಅವಳ ಮಗ ಮಾರ್ಗನ್ ಹಿಲ್ಲಿನಲ್ಲಿ ಮನೆ ಕೊಂಡ. ತಾಯಿಯನ್ನೂ ಕರೆದುಕೊಂಡು ಹೋಗುವುದು ಅಂತಾಯಿತು. ಗೃಹಪ್ರವೇಶಕ್ಕೆ ನಮ್ಮನ್ನೂ ಕರೆದರು.

ಹೊಸ ಮನೆ, ಹೊಸ ರಸ್ತೆ, ಇನ್ನೂ ಬೇರು ಬಿಡದ ಗಿಡಗಳು. ಹಸು ಸಿಗದೆ ತಟ್ಟೆಯಲ್ಲಿ ಬೆಳ್ಳಿ ಹಸು ಇಟ್ಟಿದ್ದರು. ಲಾಸ್ ಆಲ್ಟೋಸಿನಿಂದ ಸೊಸೆಯ ತಾಯಿ ಬಂದಿದ್ದಳು, ಬೆಂಗಳೂರಾಕಿ, ಕಲಶ ಹಿಡಿದು ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದಳು. ನಾನು ನನ್ನ ಜಾಗಕ್ಕೆ ಹೋದೆ, ಗ್ಯಾರೇಜಿನ ಹತ್ತಿರ, ಚಪ್ಪಲಿಗಳ ಕಡೆ.

ಮಂಗಳೂರಾಕಿ ಸಾಲು ಬಿಟ್ಟು ಬಂದಳು. "ಇಲ್ಲಿ ಎಂತ ಮಾಡ್ತೀ? ಬಾ ಮುಂದೆ. ಮೊದಲು ನೀನು ಕಾಲಿಡ್ಬೇಕು."

"ಹುಚ್ಚುಚ್ಚಾರ ಮಾತಾಡಬ್ಯಾಡ. ನಾ ಹಿಂದಿಂದ ಬರ್ತೀನಿ."

ಬೀಗಿತಿ ಕೇಳಿಸಿಕೊಂಡಳು. ಮೆತ್ತಗೇ ಹೇಳಿದಳು, ಕೆಟ್ಟವಳೇನಲ್ಲ. "ಅಲ್ಲಾ ಬೀಗ್ತಿಯವ್ರೇ, ಮುತ್ತೈದೆಯರು ಮೊದಲು ಹೋಗ್ಬಿಡ್ಲಿ. ಅವರು ಆಮೇಲೆ ಆರಾಮಾಗಿ ಬರ್ತಾರೆ."

"ಮುತ್ತೈದೆಯರು ಬರ್ಲಿ, ಬೇಡ ಅಂದವರು ಯಾರು? ಇವಳ ಹಿಂದೆ ಬರ್ಲಿ. ಇವಳ ಕಾಲ್ಗುಣ ನನಗೆ ಗೊತ್ತುಂಟು. ಇಷ್ಟು ವರ್ಷ ನಮ್ಮ ಟೀಮಿಗೆ ಇವಳದ್ದೇ ಕಾಲು."

"ಅಯ್ಯೋ, ಆ ಟೀಮು ಸೋತು ಸೋತು ಊರೇ ಬಿಟ್ಟು ಹೋಯ್ತಲ್ರೀ!"

ಎಲ್ಲರೂ ನಕ್ಕರು. ಮಗನೂ ನಕ್ಕ. ನನಗೂ ನಗು ಬರಬೇಕಿತ್ತು, ಮಾತು ಸರಿಯಾಗಿಯೇ ಇತ್ತು. ನಾನು ಮಂಗಳೂರಾಕಿಯ ಮುಖ ನೋಡಿದೆ. ರೈಲಿನಲ್ಲಿದ್ದ ಮುಖವೇ. ಈಗ ಹೇಳುತ್ತಾಳೆ ಅಂದುಕೊಂಡು ಸೆರಗು ಬಿಗಿ ಮಾಡಿಕೊಂಡೆ.

"ಹೋಯ್ತು," ಅಂದಳು. "ಅಂಥ ಮಾಲೀಕ, ಅಂಥ ಆಟ. ಎಂದೋ ಹೋಗ್ಬೇಕಿತ್ತು. ಇವಳು ಬಂದು ಕೂತದ್ದಕ್ಕೆ ಇಷ್ಟು ವರ್ಷ ನಿಂತದ್ದು. ಕಡೇ ದಿನ ನಾನು ಬಾಯಿ ಬಿಟ್ಟಿದ್ರೆ ಅಳ್ತಿದ್ದೆ, ಅದಕ್ಕೆ ಬಾಗಿಲು ಹಾಕ್ಕೊಂಡದ್ದು." ಇದು ನನ್ನ ಕಡೆ ತಿರುಗಿ. ಮತ್ತೆ ಮಗನ ಕಡೆ ತಿರುಗಿ, "ಏ, ಮನೆ ನಿನ್ನದು. ಇವಳು ಬರ್ಬೇಕಾ ಬೇಡ್ವಾ ಹೇಳು. ಇವಳು ಹೊರಗೆ ನಿಂತ್ರೆ ನಾನೂ ಹೊರಗೆ."

ಮಗ ಹೆಂಡತಿಯ ಮುಖ ನೋಡಿದ. ಅವಳು ತನ್ನ ತಾಯಿಯ ಮುಖ ನೋಡಿದಳು. ಭಟ್ಟರು ಮೊಬೈಲಿನಲ್ಲಿ ಗಂಟೆ ನೋಡಿ, "ಮುಹೂರ್ತ ಮೀರುತ್ತದೆ, ಯಾರಾದರೂ ಹೋಗಿ," ಅಂದರು. ಬೀಗಿತಿ ಕಲಶವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, ಪಕ್ಕಕ್ಕೆ ಸರಿದಳು.

ಹೋದೆ. ಒಳಗೆ ಹೊಸ ಬಣ್ಣದ ವಾಸನೆ. ಇಡೀ ಹಾಲಿನಲ್ಲಿ ಒಂದೇ ಒಂದು ಕುರ್ಚಿ, ಅದರ ಎದುರು ಗೋಡೆಯ ಮೇಲೆ ಟಿವಿ. ಮಿಕ್ಕ ಸಾಮಾನು ಇನ್ನೂ ಬಂದಿರಲಿಲ್ಲ. ಹಿಂದಿನಿಂದ ಎಲ್ಲರೂ ಬಂದರು, ಹಾಲು ಉಕ್ಕಿತು, ಊಟವಾಯಿತು. ಬೀಗಿತಿ ನನ್ನ ಎಲೆಗೆ ತಾನೇ ಹೋಳಿಗೆ ಬಡಿಸಿದಳು. ಸಂಜೆ ಮಗಳು ಕಾರು ತಂದಳು, ಅವಳಿಗೆ ಮರುದಿನ ಮುಂಜಾನೆಯೇ ಮೀಟಿಂಗು. ಮಂಗಳೂರಾಕಿ ಕಾರಿನ ಕಿಟಕಿಗೆ ಬಂದು, "ಸೀಟ್ ಬೆಲ್ಟು ಹಾಕು," ಅಂದಳು. ಅಷ್ಟೇ ಅಂದದ್ದು.

ಈಗ ಕೆಳಗಿನ ಮನೆಯಲ್ಲಿ ಬೇರೆ ಯಾರೋ ಇದ್ದಾರೆ, ಗಂಡ ಹೆಂಡತಿ, ಇಬ್ಬರೂ ಕಿವಿಗೆ ಏನೋ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಟಿವಿಯ ಸದ್ದೇ ಇಲ್ಲ. ಮೊದಮೊದಲು ನಾನು ಮಧ್ಯಾಹ್ನ ಸೀರೆ ಬದಲಿಸುತ್ತಿದ್ದೆ. ಆಮೇಲೆ ಬಿಟ್ಟೆ.

ಬೇಸಿಗೆಗೆ ಫೋನು ಬಂತು. ಅವಳೇ. ಕ್ಷೇಮ ಸಮಾಚಾರ ಒಂದು ಉಸಿರಿನಲ್ಲಿ ಮುಗಿಸಿದಳು. ಅವಳ ಬೆನ್ನ ಹಿಂದೆ ಜನ ಕೂಗುವುದು ಕೇಳಿಸಿತು.

"ಏನದು ಗದ್ದಲ? ನೋಡಂಗಿಲ್ಲ ಅಂದಿದ್ದಿ?"

"ನಾನೆಲ್ಲಿ ನೋಡ್ತೇನೆ? ಟಿವಿ ಅದರಷ್ಟಕ್ಕೆ ಉಂಟು. ಆ ಸಣ್ಣ ಕಾಲಿನವನು ಈಗ ಆಡ್ಲಿಕ್ಕೆ ಬಂದಿದ್ದಾನೆ. ನೀನು ಫೋನ್ ಇಡ್ಬೇಡ."

ಇಡಲಿಲ್ಲ. ಅವಳ ಕಡೆ ಟಿವಿ, ನನ್ನ ಕಡೆ ಕುಕ್ಕರು. ನಡುವೆ ಒಮ್ಮೆ ಅವಳು ಉಸಿರು ಹಿಡಿದದ್ದು ಕೇಳಿಸಿತು, ಆಮೇಲೆ ಬಿಟ್ಟದ್ದೂ ಕೇಳಿಸಿತು. ಸೋತರು.

"ಫೋನಿನ್ಯಾಗ ಕಾಲು ಹೋಗಂಗಿಲ್ಲವ್ವಾ, ತಿಳೀತೇನು?" ಅಂದೆ.

ಅವಳು ಟಿವಿ ಆರಿಸಿದಳು, ಗದ್ದಲ ನಿಂತಿತು. ಆಮೇಲೆ, "ನಾಡಿದ್ದು ಮತ್ತೆ ಮ್ಯಾಚ್ ಉಂಟು," ಅಂದಳು. "ಗೆಲ್ಲುದಿಲ್ಲ. ನೀನು ಫೋನಿನ ಹತ್ತಿರ ಇರು."

ಇರ್ತೀನಿ ಅಂದೆ.